ಹಾಲಿಗೆ ಇಪ್ಪತ್ತೆರಡು ಹನಿ

ನಮ್ಮೂರು ಸೊನ್ನಿನಾಳದ ಹೆಣ್ಣುಮಕ್ಕಳು ಗಂಡನ ಮನೆಗೆ ಹೊರಟಾಗ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಅರಿಷಿಣದ ಕೊಂಬಿನ ಜೊತೆಗೆ ಒಂದು ಹಿಡಿ ಹಳೆಯ ಪಾಚಿಯನ್ನೂ ಒಯ್ಯುತ್ತಿದ್ದರು. ಬೇರೆ ಊರಿನವರಿಗೆ ಅದು ನಗೆಯ ಮಾತಾಗಿತ್ತು. ನಮಗೆ ಅದು ತಾಳಿಯಷ್ಟಲ್ಲದಿದ್ದರೂ ಕಾಲುಂಗುರದಷ್ಟು ದೊಡ್ಡದು.

ಮಲಪ್ರಭೆಯ ಆಚೆ ದಂಡೆಯಲ್ಲಿರುವ ನಮ್ಮೂರು ದಾಳಿಂಬೆಯ ಊರು. ಹಣ್ಣಿಗಿಂತ ಸಸಿಗೆ ಹೆಸರಾದದ್ದು. ದಾಳಿಂಬೆಯ ಒಳ್ಳೆಯ ಸಸಿಯನ್ನು ಬೀಜದಿಂದ ಮಾಡುವುದಿಲ್ಲ. ಪೆನ್ಸಿಲ್ ದಪ್ಪದ ಟೊಂಗೆಯೊಂದನ್ನು ಆರಿಸಿ, ಅದರ ತೊಗಟೆಯನ್ನು ಎರಡು ಬೆರಳಗಲ ಉಂಗುರದ ಹಾಗೆ ಬಿಡಿಸಿ, ಆ ಗಾಯಕ್ಕೆ ಒದ್ದೆ ಪಾಚಿ ಒತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಎರಡೂ ತುದಿಗೆ ದಾರ ಬಿಗಿಯಬೇಕು. ನಲವತ್ತು ದಿನಕ್ಕೆ ಹಾಳೆಯೊಳಗೆ ಬಿಳಿಯ ಬೇರು ಕಾಣುತ್ತದೆ. ಆಗ ಟೊಂಗೆ ಕತ್ತರಿಸಿ ನೆಟ್ಟರೆ ತಾಯಿಗಿಡದ ಗುಣವೆಲ್ಲ ಸಸಿಗೂ ಬರುತ್ತದೆ. ಇದಕ್ಕೆ ಗೂಟಿ ಕಟ್ಟುವುದು ಎನ್ನುತ್ತಾರೆ. ಪಾಚಿ ಎಂದರೆ ಕೆರೆಯ ಪಾಚಿಯಲ್ಲ. ಉತ್ತರದ ಗುಡ್ಡಗಳಿಂದ ಒಣಗಿ ಚೀಲದಲ್ಲಿ ಬರುವ, ನೀರು ಕುಡಿದರೆ ಸ್ಪಂಜಿನಂತೆ ಉಬ್ಬುವ, ಹುಲ್ಲಿನಂಥ ಒಂದು ಬಗೆಯ ಹಾವಸೆ.

ನಮ್ಮೂರ ಹೆಂಗಸರು ಹೊಸ ಪಾಚಿಯನ್ನು ಬರಿದೇ ಬಳಸುತ್ತಿರಲಿಲ್ಲ. ಹೋದ ವರ್ಷದ ಗೂಟಿ ಬಿಚ್ಚುವಾಗ ಉಳಿದ ಪಾಚಿಯಲ್ಲಿ ಒಂದು ಹಿಡಿ ತೆಗೆದಿಟ್ಟು, ಈ ವರ್ಷದ್ದಕ್ಕೆ ಬೆರೆಸುತ್ತಿದ್ದರು, ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹೆಸರೂ ಹೆಪ್ಪು ಎಂದೇ. ಹೆಪ್ಪು ಬೆರೆತ ಪಾಚಿಗೆ ಇಪ್ಪತ್ತೆಂಟೇ ದಿನಕ್ಕೆ ಬೇರು ಬರುತ್ತಿತ್ತು. ವರ್ಷವಿಡೀ ಅದು ಅಡುಗೆಮನೆಯ ಮೂಲೆಯ ಮಣ್ಣಿನ ಗಡಿಗೆಯಲ್ಲಿರುತ್ತಿತ್ತು. ಅಮಾವಾಸ್ಯೆಗೊಮ್ಮೆ ನೀರು ಚಿಮುಕಿಸಿ, ಹಿಟ್ಟು ನಾದಿದಂತೆ ಕೈಯಿಂದ ನಾದಿ, ಮತ್ತೆ ಮುಚ್ಚಿಡಬೇಕು. ನಮ್ಮವ್ವ ಕಸ್ತೂರವ್ವನ ಗಡಿಗೆಯಲ್ಲಿದ್ದದ್ದು ಅವಳ ಅವ್ವ ಕೊಟ್ಟದ್ದು. ಅವಳಿಗೆ ಅವಳವ್ವ ಕೊಟ್ಟದ್ದು.

ನಾನು ಮದುವೆಯಾಗಿ ಊರು ಬಿಡಲಿಲ್ಲ. ಓದು ಮುಗಿಸಿ ಧಾರವಾಡದ ಜೀವಾಣು ನಿಗಾ ಕೇಂದ್ರಕ್ಕೆ ಕೆಲಸಕ್ಕೆಂದು ಹೊರಟೆ. ಆ ದಿನವೂ ಅವ್ವ ಪದ್ಧತಿ ಬಿಡಲಿಲ್ಲ. ಹಳೆಯ ಇಳಕಲ್ ಸೀರೆಯ ಸೆರಗಿನ ತುಂಡಿನಲ್ಲಿ ಒಂದು ಹಿಡಿ ಪಾಚಿ ಕಟ್ಟಿ ಕೈಗಿಟ್ಟಳು. ನಾನು ನಕ್ಕು, ಅದನ್ನು ಪಡಸಾಲೆಯ ಗೋಡೆಯ ಮಾಡದಲ್ಲಿಟ್ಟು ಬಸ್ಸು ಹತ್ತಿದೆ. "ಹೌದ್ ಬಿಡು, ಅಲ್ಲಿ ಗಾಜಿನ ತಾಟಿನ್ಯಾಗ ಏನ್ ಗೂಟಿ ಕಟ್ತೀ" ಎಂದು ಅವ್ವ ಹಿಂದಿನಿಂದ ಹೇಳಿದ್ದು ಕೇಳಿಸಿತು. ಸಿಟ್ಟಾಗಿದ್ದಳೋ ಚೇಷ್ಟೆ ಮಾಡಿದ್ದಳೋ, ತಿರುಗಿ ನೋಡಲಿಲ್ಲವಾದ್ದರಿಂದ ಇಂದಿಗೂ ತಿಳಿಯದು.

ಈಗ ನನಗೆ ಎಪ್ಪತ್ತು ಸಮೀಪಿಸಿದೆ. ನಾನು ಹೇಳಹೊರಟಿರುವುದು ಎರಡು ಸಾವಿರದ ಐವತ್ತೊಂಬತ್ತನೆಯ ಇಸವಿಯ ಮಾತು. ಆ ಕಾಲದ ಕಾನೂನನ್ನು ಇಂದಿನ ಮಕ್ಕಳಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಲವತ್ತರ ದಶಕದಲ್ಲಿ ರೋಗಾಣು ಕೊಲ್ಲುವ ಔಷಧಿಗಳು ಒಂದೊಂದಾಗಿ ಸೋತವು. ಸಿಕ್ಕಿದ್ದಕ್ಕೆಲ್ಲ ಸಿಕ್ಕಷ್ಟು ನುಂಗಿ ರೋಗಾಣುಗಳಿಗೆ ಅವುಗಳ ರೂಢಿ ಮಾಡಿಸಿದವರು ನಾವೇ. ಗಂಟಲುನೋವಿಗೆ ಜನ ಸಾಯತೊಡಗಿದ ಮೇಲೆ ಸರಕಾರ ಒಂದು ಯಂತ್ರ ತಂದಿತು. ರೋಗಿಯ ಗಾಯದಿಂದ ತೆಗೆದ ರೋಗಾಣುವನ್ನು ಅದರ ತೊಂಬತ್ತಾರು ಪುಟ್ಟ ಕುಣಿಗಳಲ್ಲಿ ಬೆಳೆಸಿ, ಒಂದೊಂದಕ್ಕೆ ಒಂದೊಂದು ಔಷಧಿ ಹಾಕಿ, ಯಾವುದು ಕೊಲ್ಲುತ್ತದೆಂದು ಅದು ನೋಡುತ್ತಿತ್ತು. ಕೊಂದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು. ಹಸಿರು ಚೀಟಿ ತೋರಿಸದೆ ಔಷಧಿ ಅಂಗಡಿಯ ಕಪಾಟು ತೆರೆಯುತ್ತಿರಲಿಲ್ಲ. ಕಾನೂನು ಕೆಟ್ಟದ್ದೆಂದು ನಾನು ಹೇಳಲಾರೆ. ಅದು ಬಂದ ಮೇಲೆ ಎಷ್ಟೋ ಕೂಸುಗಳು ಉಳಿದವು. ಜನರೂ ಅದಕ್ಕೆ ಎಷ್ಟು ಹೊಂದಿಕೊಂಡಿದ್ದರೆಂದರೆ, ಹೆಣ್ಣು ನೋಡಿ ಬಂದವರನ್ನು "ಹಸಿರ ಚೀಟಿ ಬಂತೇನಪಾ?" ಎಂದೇ ಕೇಳುತ್ತಿದ್ದರು.

ಆ ಯಂತ್ರವನ್ನು ನಡೆಸುವುದು ನನ್ನ ಕೆಲಸ.

ಆ ಶ್ರಾವಣದಲ್ಲಿ ಗೂಟಿಯ ಕೆಲಸ ಮುಗಿದಾಗ ಅವ್ವನ ಬಲಗೈಯ ತೋರುಬೆರಳಿನ ಮೇಲೆ ಒಂದು ಗಂಟು ಎದ್ದಿತು. ನೋವಿಲ್ಲ, ಜ್ವರವಿಲ್ಲ. ಮುಳ್ಳು ಚುಚ್ಚಿದ್ದೀತೆಂದು ಅವಳು ಅರಿಷಿಣ ಮೆತ್ತಿದಳು. ಹದಿನೈದು ದಿನಕ್ಕೆ ಅದು ಒಡೆದು ಹುಣ್ಣಾಯಿತು. ಮುಂಗೈಯ ಮೇಲೆ ಇನ್ನೊಂದು ಗಂಟು, ಅದರ ಮೇಲೆ ಮತ್ತೊಂದು. ಜೋಳದ ಕಾಳು ಪೋಣಿಸಿದ ಹಾಗೆ ಒಂದೇ ಗೆರೆಯಲ್ಲಿ ಅವು ಮೊಣಕೈಯತ್ತ ಹತ್ತಿದವು. ಅಣ್ಣನ ಹೆಂಡತಿ, ನಮ್ಮ ವೈನಿ, ಫೋಟೋ ಕಳಿಸಿದಾಗ ನನಗೆ ರೋಗದ ಗುರುತು ಹತ್ತಿತು. ಮಣ್ಣಿನಲ್ಲಿ, ಹುಲ್ಲಿನಲ್ಲಿ ಇರುವ ಒಂದು ಬೂಷ್ಟು ಮುಳ್ಳುಗೀರಿನಿಂದ ಒಳಹೊಕ್ಕು ಮಾಡುವ ಹುಣ್ಣು ಅದು. ಹಳೆಯ ರೋಗವೇ. ಮಾತ್ರೆ ಕೊಟ್ಟರೆ ಹೋಗುತ್ತಿತ್ತು.

ಆದರೆ ಆ ವರ್ಷ ಹೋಗುತ್ತಿರಲಿಲ್ಲ. ಆ ಭಾಗದಿಂದ ಅಂಥವೇ ಮೂವತ್ತು ಹುಣ್ಣುಗಳ ಮಾದರಿ ನಮ್ಮ ಕೇಂದ್ರಕ್ಕೆ ಬಂದಿದ್ದವು. ಎಲ್ಲಕ್ಕೂ ಕೆಂಪು ಚೀಟಿ. ಮುತ್ತಲಗಟ್ಟಿಗೆ ಕೊಟ್ಟ ಚಂದ್ರವ್ವ, ಅವ್ವನ ಜೊತೆಗಾತಿ, ಚೀಟಿಗಾಗಿ ಮೂರು ತಿಂಗಳು ಕಾದಳು. ಅಷ್ಟರಲ್ಲಿ ಬೂಷ್ಟು ಎಲುಬಿಗಿಳಿಯಿತು. ಅವಳ ಎರಡು ಬೆರಳು ತೆಗೆದರು.

ಅವ್ವನ ಮಾದರಿ ಮೂವತ್ತೊಂದನೆಯದು. ನಾನೇ ಯಂತ್ರಕ್ಕಿಟ್ಟೆ. ಸಂಜೆ ಚೀಟಿ ಹೊರಬಂದಾಗ ಅದರ ಬಣ್ಣ ನೋಡಲು ಒಂದು ಗಳಿಗೆ ಧೈರ್ಯವಾಗಲಿಲ್ಲ. ಗೂಟಿ ಕಟ್ಟುವವಳ ಬಲಗೈಯ ತೋರುಬೆರಳೆಂದರೆ ಅವಳ ಅರ್ಧ ಆಯುಷ್ಯ. ಅವ್ವ ಒಂದು ದಿನಕ್ಕೆ ಮುನ್ನೂರು ಗೂಟಿ ಕಟ್ಟುತ್ತಿದ್ದಳು, ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಮಾತು ನಿಲ್ಲಿಸದೆ.

ಕೆಂಪು.

ನಮ್ಮ ಕೇಂದ್ರಕ್ಕೆ ಗುರುವಾರಕ್ಕೊಮ್ಮೆ ನದಾಫ್ ಡಾಕ್ಟರು ಬರುತ್ತಿದ್ದರು. ನಿವೃತ್ತರಾದ ಚರ್ಮದ ವೈದ್ಯರು, ಎಂಬತ್ತು ದಾಟಿತ್ತು. ಬರಬೇಕೆಂದು ಯಾರೂ ಹೇಳಿರಲಿಲ್ಲ, ಬರಬೇಡಿರೆಂದು ಹೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಸೂಕ್ಷ್ಮದರ್ಶಕದ ಮುಂದೆ ಕೂತು, ನಾವು ಎಸೆಯಬೇಕೆಂದಿಟ್ಟ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ನೋಡಿ, ಚಹಾ ಕುಡಿದು ಹೋಗುವರು. ಆ ಗುರುವಾರ ನಾನು ಅವ್ವನ ಕೈಯ ಫೋಟೋ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ತಾವು ಹುಡುಗರಿದ್ದಾಗ ಅವರ ಗುರುಗಳು ಇದಕ್ಕೆ ಪೊಟ್ಯಾಸಿಯಂ ಅಯೋಡೈಡ್ ಕೊಡುತ್ತಿದ್ದರೆಂದರು. ಔಷಧಿ ಎನ್ನುವುದಕ್ಕಿಂತ ಒಂದು ಬಗೆಯ ಉಪ್ಪು. ನೀರು ಇನ್ನು ಕರಗಿಸಿಕೊಳ್ಳಲಾರೆ ಎನ್ನುವಷ್ಟು ಅದನ್ನು ಕರಗಿಸಿ, ಆ ದ್ರಾವಣವನ್ನು ಹಾಲಿನಲ್ಲಿ ಹನಿ ಹಾಕಿ ಕುಡಿಸುವುದು.

ಆ ಉಪ್ಪಿನ ಹೆಸರು ನನಗೂ ಗೊತ್ತಿತ್ತು. ಅಣುಸ್ಥಾವರದ ಸುತ್ತಲ ಊರುಗಳಲ್ಲಿ ಅದರ ಮಾತ್ರೆ ಇಟ್ಟಿರುತ್ತಾರೆ. ಅವಘಡವಾಗಿ ವಿಕಿರಣದ ಅಯೋಡಿನ್ ಗಾಳಿಗೆ ಬಂದರೆ ಜನರ ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಅದನ್ನು ಹೀರಿಕೊಳ್ಳುತ್ತದೆ. ಮೊದಲೇ ಈ ಒಳ್ಳೆಯ ಅಯೋಡಿನ್ ಕೊಟ್ಟರೆ ಗ್ರಂಥಿ ಸೀಟು ತುಂಬಿದ ಬಸ್ಸಿನಂತಾಗಿ ಕೆಟ್ಟದ್ದಕ್ಕೆ ಜಾಗ ಸಿಗುವುದಿಲ್ಲ. ಆದರೆ ಅದು ಕಾಯುವುದು ಆ ಒಂದು ಗ್ರಂಥಿಯನ್ನು ಮಾತ್ರ. ಬೂಷ್ಟಿಗೂ ಅದಕ್ಕೂ ಏನು ಸಂಬಂಧ? ನಾನು ಅವರೆದುರಿಗೇ ಅಯೋಡೈಡನ್ನು ಯಂತ್ರದ ಕುಣಿಗೆ ಹಾಕಿ ನೋಡಿದೆ. ಬೂಷ್ಟು ಅದರಲ್ಲಿ ಹಬ್ಬ ಮಾಡಿದಂತೆ ಬೆಳೆಯಿತು. ಸಂಜೆ ಹೊರಬಂದ ಕೆಂಪು ಚೀಟಿಯನ್ನು ಅವರ ಮುಂದಿಟ್ಟೆ.

ನದಾಫ್ ಡಾಕ್ಟರು ಚಹಾದ ಬಟ್ಟಲು ಕೆಳಗಿಟ್ಟರು. "ಕೆಂಪ ಬರ್ತದ. ಆಗಿನ ಕಾಲದಾಗೂ ಹಿಂಗ ಇತ್ತು. ಯಂತ್ರಕ್ಕ ಮೈ ಇಲ್ಲವ್ವಾ ದಾನೇಶ್ವರಿ. ಆ ತಟ್ಟಿಯಾಗ ಬೂಷ್ಟು ಐತಿ, ಔಷಧ ಐತಿ. ನಿಮ್ಮವ್ವ ಎಲ್ಲಿದಾಳ ಅದರಾಗ?"

ಮೈಯೊಳಗೆ ಅದು ಏನು ಮಾಡುತ್ತದೆಂದು ಕೇಳಿದೆ. ಅವರು ನಾಚಿಕೆಯಿಲ್ಲದೆ ಗೊತ್ತಿಲ್ಲವೆಂದರು. ಬಹುಶಃ ಬಿಳಿ ರಕ್ತಕಣಗಳನ್ನು ಎಬ್ಬಿಸುತ್ತದೆ. ಬಹುಶಃ ಬೂಷ್ಟು ಒಂದಕ್ಕೊಂದು ಅಂಟಿಕೊಂಡು ಕಟ್ಟಿಕೊಳ್ಳುವ ಗೂಡನ್ನು ಬಿಡಿಸುತ್ತದೆ. ನೂರೈವತ್ತು ವರ್ಷದಿಂದ ಎಲ್ಲರೂ ಬಹುಶಃ ಎನ್ನುತ್ತಲೇ ಬಂದಿದ್ದಾರೆ, ಹುಣ್ಣು ಮಾತ್ರ ಮಾಯುತ್ತ ಬಂದಿದೆ. ಒಂದೇ ಮಾತು: ಚರ್ಮದಲ್ಲಿದ್ದಾಗ ಇದು ಕೆಲಸ ಮಾಡುತ್ತದೆ. ಎಲುಬಿಗೆ, ಕೀಲಿಗೆ ಇಳಿದ ಮೇಲೆ ಇಲ್ಲ. ಅಂದರೆ ನಮಗಿದ್ದದ್ದು ಕೆಲವು ವಾರ.

ಚೀಟಿಯಿಲ್ಲದೆ ಕೊಡುವುದು ಹೇಗೆಂದು ಕೇಳಿದೆ. ಅವರು ಆ ಕೆಂಪು ಚೀಟಿಯನ್ನೇ ಎತ್ತಿ ಬೆಳಕಿಗೆ ಹಿಡಿದರು. "ಇದು ಬೂಷ್ಟು ಕೊಲ್ಲೂದಿಲ್ಲ ಅಂತ ನಿನ್ನ ಯಂತ್ರನ ಬರದ ಕೊಟ್ಟೈತಿ. ಕೊಲ್ಲದಿದ್ದ ಔಷಧಕ್ಕ ಹಸಿರ ಚೀಟಿ ಯಾಕ ಬೇಕು? ಉಪ್ಪು ಅಂತ ಬರೀತೀನಿ, ನನ್ನ ಸಹಿ ಹಾಕ್ತೀನಿ."

ಅವ್ವನನ್ನು ಧಾರವಾಡಕ್ಕೆ ಕರೆಸಿ ರಕ್ತ ನೋಡಿದರು, ಕುತ್ತಿಗೆ ಮುಟ್ಟಿ ಗಂಟಿಲ್ಲವೆಂದು ಖಾತ್ರಿ ಮಾಡಿಕೊಂಡರು. ಹೊಟ್ಟೆಯಲ್ಲಿ ಕೂಸಿದ್ದವರಿಗೆ ಇದು ಸಲ್ಲದು, ಥೈರಾಯ್ಡ್ ಕೆಟ್ಟವರಿಗೆ ಸಲ್ಲದು. ತಿಂಗಳಿಗೊಮ್ಮೆ ರಕ್ತ ನೋಡಲೇಬೇಕು. ಮೊದಲ ದಿನ ಹೊತ್ತಿಗೆ ಐದು ಹನಿಯಂತೆ ಮೂರು ಹೊತ್ತು. ಮರುದಿನ ಆರು. ಹೀಗೆ ದಿನಕ್ಕೊಂದು ಏರಿಸುತ್ತ ಹೋಗುವುದು, ಮೈ ಸಾಕೆನ್ನುವ ತನಕ. ಮೈ ಸಾಕೆನ್ನುವುದು ಹೇಗೆ ತಿಳಿಯುತ್ತದೆಂದು ಅವ್ವ ಕೇಳಿದಳು. "ಅದು ತಾನ ಹೇಳತದವಾ, ನೆಗಡಿ ತಂದು" ಎಂದು ಡಾಕ್ಟರು ನಕ್ಕರು.

ಕಂದು ಬಣ್ಣದ ಬಾಟಲಿ ಹಿಡಿದು ನಾನೂ ಅವಳ ಜೊತೆ ಊರಿಗೆ ಹೋದೆ. ಆ ವರ್ಷ ಶನಿವಾರ ರವಿವಾರ ಎಲ್ಲ ಅಲ್ಲೇ ಕಳೆದೆ. ನನ್ನ ಇಡೀ ನೌಕರಿಯಲ್ಲಿ ನೆನಪಿಗೆ ಹಿತವಾದ ದಿನಗಳು ಯಾವುವೆಂದು ಯಾರಾದರೂ ಕೇಳಿದರೆ ಅವೇ ಎಂದೇನು. ಹಾಗೆನ್ನಬಾರದೇನೋ, ಅವಳ ಕೈ ಹುಣ್ಣಾಗಿದ್ದ ದಿನಗಳವು. ಆದರೂ.

ಹನಿ ಲೆಕ್ಕ ತಪ್ಪದಿರಲೆಂದು ಅವ್ವ ತನ್ನದೇ ಉಪಾಯ ಮಾಡಿದ್ದಳು. ಒಂದು ಸಣ್ಣ ಬಟ್ಟಲಲ್ಲಿ ಐದು ಜೋಳದ ಕಾಳು. ಒಂದು ಹನಿ ಬಿದ್ದರೆ ಒಂದು ಕಾಳು ಆಚೆಗೆ. ದಿನಾ ಬೆಳಿಗ್ಗೆ ಬಟ್ಟಲಿಗೆ ಒಂದು ಕಾಳು ಹೆಚ್ಚು. ಮೊದಲ ಬಾಟಲಿಯನ್ನು ಅವಳು ಬಿಸಿಲು ಬೀಳುವ ಕಿಟಕಿಯಲ್ಲಿ, ಅದೂ ಚೆಂದ ಕಾಣಲೆಂದು ಬಿಳಿ ಬಾಟಲಿಗೆ ಸುರುವಿ ಇಟ್ಟಿದ್ದಳು. ಒಂದು ವಾರಕ್ಕೆ ನೀರಿನಂತಿದ್ದದ್ದು ಹಳದಿಯಾಯಿತು. ಬೆಳಕಿಗೆ ಅದು ಕೆಡುತ್ತದೆಂದು ಚೆಲ್ಲಿಸಿ ಬೇರೆ ತಂದೆ.

ಅವ್ವನಿಗೆ ಹಾಲು ಸೇರುತ್ತಿರಲಿಲ್ಲ. ಹನ್ನೆರಡನೆಯ ಹನಿಯ ಹೊತ್ತಿಗೆ ಹಾಲು, ಮಜ್ಜಿಗೆ, ನೀರು ಎಲ್ಲದರ ರುಚಿಯೂ ಒಂದೇ ಆಯಿತು. "ಬಾಯಾಗ ತಾಮ್ರದ ಚಮಚಾ ಮರತಂಗ ಆಗೇತಿ" ಎಂದಳು. ಅದು ಹೇಗಿರುತ್ತದೋ ನೋಡೋಣವೆಂದು ಅವಳ ಬಟ್ಟಲಿನ ತಳದ ಒಂದು ಗುಟುಕು ನಾನೂ ಕುಡಿದೆ. ಇಂದಿಗೂ ತಾಮ್ರದ ತಂಬಿಗೆಯಲ್ಲಿ ನೀರು ಕುಡಿದರೆ ನನಗೆ ಆ ಅಡುಗೆಮನೆ, ಒಲೆಯ ಮೇಲಿನ ಹಾಲು, ಮೂಲೆಯ ಗಡಿಗೆ ಕಣ್ಣಿಗೆ ಕಟ್ಟುತ್ತದೆ. ಪುಂಡಿಪಲ್ಯಕ್ಕೆ ಅವಳು ಎರಡು ಸಲ ಉಪ್ಪು ಹಾಕುವಳು. ಅಣ್ಣ ಸುಮ್ಮನೆ ಉಣ್ಣುವನು, ವೈನಿ ಸೆರಗಿನಲ್ಲಿ ನಗುವಳು. ಹದಿನೆಂಟಕ್ಕೆ ಕಣ್ಣು, ಮೂಗು ಸೋರತೊಡಗಿದವು. ಇಪ್ಪತ್ತೆಂಟಕ್ಕೆ ದವಡೆಯ ಕೆಳಗೆ ಎರಡೂ ಕಡೆ ಬಾವು ಬಂದು ಮುಖ ಗುಂಡಗಾಯಿತು. ನದಾಫ್ ಡಾಕ್ಟರು ಫೋನಿನಲ್ಲಿ ನೋಡಿ, ಮೈ ಸಾಕೆಂದಿತು, ಇಪ್ಪತ್ತೆರಡಕ್ಕೆ ಇಳಿಸಿ ಅಲ್ಲೇ ನಿಲ್ಲಿಸಿರೆಂದರು. ಅವ್ವ ಬಟ್ಟಲಿನಿಂದ ಆರು ಕಾಳು ತೆಗೆದು ಕೋಳಿಗೆ ಹಾಕಿದಳು.

ಆರನೆಯ ವಾರಕ್ಕೆ ಮೇಲಿನ ಗಂಟುಗಳು ಕರಗತೊಡಗಿದವು. ಮೊಣಕೈಯ ಹತ್ತಿರದ್ದು ಮೊದಲು ಹೋಯಿತು, ಆಮೇಲೆ ಅದರ ಕೆಳಗಿನದು. ಹತ್ತಿದ ದಾರಿಯಲ್ಲೇ ರೋಗ ಇಳಿಯುತ್ತಿತ್ತು. ನಮ್ಮ ಕೇಂದ್ರದ ನಿರ್ದೇಶಕರಿಗೆ ವಿಷಯ ಹೇಳಿದೆ. ಅವರು ಕಟ್ಟುನಿಟ್ಟಿನ ಮನುಷ್ಯ, ಕೆಟ್ಟವರಲ್ಲ. ತೋರುಬೆರಳೂ ಮಾಯಲಿ, ಆಮೇಲೆ ಉಳಿದ ಮೂವತ್ತು ಜನರಿಗೆ ಕೊಡುವ ವಿಚಾರ ಮಾಡೋಣವೆಂದರು.

ಒಂಬತ್ತನೆಯ ವಾರದಲ್ಲಿ ಅವ್ವನ ಎಡಗೈಯ ಹೆಬ್ಬೆರಳಿನ ಮೇಲೆ ಹೊಸ ಗಂಟು ಎದ್ದಿತು.

ಫೋಟೋ ನೋಡಿದ ನಿರ್ದೇಶಕರು ಕನ್ನಡಕ ತೆಗೆದು ಒರೆಸಿಕೊಂಡರು. ಔಷಧಿ ಕುಡಿಯುತ್ತಿರುವಾಗಲೇ ರೋಗ ಹೊಸ ಕೈಗೆ ಬಂದಿದೆ. ಯಂತ್ರ ಹೇಳಿದ್ದೇ ಸರಿ. ಸೋಮವಾರದೊಳಗೆ ಹನಿ ನಿಲ್ಲಿಸಿ ಹುಬ್ಬಳ್ಳಿಯ ಶಸ್ತ್ರವೈದ್ಯರಿಗೆ ತೋರಿಸಿ ಎಂದರು. ಶಸ್ತ್ರವೈದ್ಯರು ಏನು ಮಾಡುತ್ತಾರೆಂದು ಚಂದ್ರವ್ವನನ್ನು ನೋಡಿದವರಿಗೆ ಹೇಳಬೇಕಿರಲಿಲ್ಲ. ನದಾಫ್ ಡಾಕ್ಟರಿಗೆ ಫೋನು ಮಾಡಿದೆ. ಅವರು ಹನಿ ಸೋತಿಲ್ಲ ಎಂದರು. ಬಂದದ್ದನ್ನು ಹೊರಗೆ ಕಳಿಸುವುದಷ್ಟೇ ಅದರ ಕೆಲಸ. ಯಾವುದೋ ಬಾಗಿಲಿನಿಂದ ರೋಗ ಮತ್ತೆ ಮತ್ತೆ ಬರುತ್ತಿದೆ. ಆ ಬಾಗಿಲು ಹುಡುಕು ಎಂದರು.

ಅಂದು ಶುಕ್ರವಾರ. ಎಲ್ಲರೂ ಹೋದ ಮೇಲೂ ನಾನು ನಕಾಶೆಯ ಕೋಣೆಯಲ್ಲಿ ಕೂತೆ. ಗೋಡೆಯಗಲದ ಆ ನಕಾಶೆಯಲ್ಲಿ ಇಪ್ಪತ್ತೇಳು ಊರುಗಳ ಮೇಲೆ ಮೂವತ್ತೊಂದು ಕೆಂಪು ಚುಕ್ಕೆ. ಕಂಪ್ಯೂಟರು ತಿಂಗಳುಗಟ್ಟಲೆ ಅವುಗಳ ನಂಟು ಹುಡುಕಿತ್ತು. ಒಂದೇ ಕಾಲುವೆಯ ನೀರಲ್ಲ, ಒಂದೇ ಸಂತೆಯಲ್ಲ, ಒಂದೇ ಬಸ್ಸಿನ ದಾರಿಯಲ್ಲ, ಒಂದೇ ಅಂಗಡಿಯ ಪಾಚಿಯೂ ಅಲ್ಲ. ರೋಗ ಹತ್ತಿರದ ಊರನ್ನು ಬಿಟ್ಟು ದೂರದ ಊರಿಗೆ ಜಿಗಿದಿತ್ತು. ಕೆಳಗೆ "ಕಾರಣ ತಿಳಿಯದು" ಎಂದು ಬರೆದಿತ್ತು.

ಬೇಸರಕ್ಕೆ ಊರುಗಳ ಹೆಸರನ್ನು ಬಾಯಿಬಿಟ್ಟು ಓದುತ್ತ ಹೋದೆ. ಮುತ್ತಲಗಟ್ಟಿ. ಚಂದ್ರವ್ವನನ್ನು ಕೊಟ್ಟ ಊರು. ಯರಗೊಪ್ಪ. ಅಲ್ಲಿಗೆ ಕಮತರ ಶಾಂತಕ್ಕನನ್ನು ಕೊಟ್ಟಿದ್ದರು, ಆ ಮದುವೆಯಲ್ಲಿ ನಾನು ಹೋಳಿಗೆ ತಿಂದು ವಾಂತಿ ಮಾಡಿಕೊಂಡಿದ್ದೆ. ಬೆಣಚಿಹಾಳ. ಅಲ್ಲಿಗೆ ನನ್ನ ಸಾಲೆಯ ಗೆಳತಿ ಲಕ್ಕವ್ವ. ನನ್ನ ದನಿ ತಾನಾಗಿಯೇ ನಿಧಾನವಾಯಿತು. ಇಪ್ಪತ್ತೇಳರಲ್ಲಿ ಇಪ್ಪತ್ತಮೂರು ಊರುಗಳ ಹೆಸರಿನ ಜೊತೆ ನನಗೆ ಒಬ್ಬೊಬ್ಬ ಹೆಣ್ಣುಮಗಳ ಹೆಸರು ನೆನಪಾಯಿತು. ಒಂದು ಸೊನ್ನಿನಾಳವೇ. ಉಳಿದ ಮೂರಕ್ಕೆ ಅವ್ವನಿಗೆ ಫೋನು ಹಚ್ಚಿದೆ.

"ಯವ್ವಾ, ಕಡ್ಲಿಬಾವಿಗೆ ನಮ್ಮೂರಾಗಿಂದ ಯಾರನ್ನರ ಕೊಟ್ಟಾರೇನ?"

"ಬಸಲಿಂಗಪ್ಪನ ನಡುವಿನ ಮಗಳನ್ನ. ಯಾಕ, ಯಾರರ ಸತ್ತರೇನ?"

ಉಳಿದೆರಡಕ್ಕೂ ಅವಳು ಉಸಿರು ತೆಗೆದುಕೊಳ್ಳದೆ ಹೆಸರು ಹೇಳಿದಳು. ಆಮೇಲೆ ನಾನು ಇನ್ನೊಂದು ಮಾತು ಕೇಳಿದೆ. ಬಲಗೈಗೆ ಬಟ್ಟೆ ಸುತ್ತಿದ್ದ ಈ ಎರಡು ತಿಂಗಳು ಎಡಗೈಯಿಂದ ಏನೇನು ಮಾಡಿದೆ ಎಂದು. ಅವಳು ಎಲ್ಲ ಹೇಳಿದಳು: ರೊಟ್ಟಿ ವೈನಿಯೇ ಬಡಿದಳು, ಕಸ ಹೊಡೆದದ್ದು ತಾನು, ಮುಖ ತೊಳೆದದ್ದು, ಕೋಳಿಗೆ ಕಾಳು ಹಾಕಿದ್ದು. ಹೇಳುವುದೆಲ್ಲ ಮುಗಿದ ಮೇಲೆ, ಎಲ್ಲರಿಗೂ ಗೊತ್ತಿದ್ದದ್ದನ್ನು ಹೇಳುವ ದನಿಯಲ್ಲಿ ಅಂದಳು, "ಮತ್ತ ಹೆಪ್ಪ ನಾದೀನಿ, ಎರಡ ಅಮಾಸಿ."

ಮರುದಿನ ಬೆಳಗಿನ ಬಸ್ಸಿಗೆ ಊರಿಗೆ ಹೋದೆ.

ಅವ್ವ ಕಟ್ಟೆಯ ಮೇಲೆ ಕೂತು ಹಾಲಿನ ಬಟ್ಟಲು ಹಿಡಿದಿದ್ದಳು. ನಾನು ಪಕ್ಕದಲ್ಲಿ ಕೂತು, ಅವಳು ಕುಡಿದು ಮುಗಿಸುವ ತನಕ ಕಾದು, ಗಡಿಗೆಯೊಳಗಿನ ಹೆಪ್ಪನ್ನು ಸುಡಬೇಕೆಂದೆ. ನನ್ನ ಮಾತು ತಿಳಿಯದವಳಂತೆ ಬಟ್ಟಲಿನ ತಳ ನೋಡುತ್ತ ಕೂತಳು. ನಕಾಶೆಯ ಕಥೆ ಹೇಳಿದೆ. ಮೂವತ್ತೊಂದು ಹುಣ್ಣೂ ಒಂದೇ ಗಡಿಗೆಯ ಮಕ್ಕಳು, ಮೊಮ್ಮಕ್ಕಳು ಎಂದೆ.

"ಇದ ಹೆಪ್ಪು ನಮ್ಮವ್ವ ನಾದಿದ್ಲು, ಅವರವ್ವ ನಾದಿದ್ಲು" ಎಂದಳು ಅವ್ವ. "ಅವರಿಗ್ಯಾಕ ಆಗಲಿಲ್ಲ?"

ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡೇ ಬಂದಿದ್ದೆ. ಅವರ ಕಾಲದಲ್ಲೂ ಬೂಷ್ಟು ಇದ್ದೀತು, ಒಂದೆರಡು ಗಂಟು ಎದ್ದು ಮಾತ್ರೆಗೆ ಹೋಗಿದ್ದಾವು. ಆಗ ದಾಳಿಂಬೆಗೆ ವರ್ಷಕ್ಕೆ ನಾಲ್ಕೈದು ಸಲ ಎಣ್ಣೆ ಹೊಡೆಯುತ್ತಿದ್ದರು. ಈಗ ನಲವತ್ತು ಸಲ. ಗಿಡದ ಬೂಷ್ಟಿಗೆ ಹೊಡೆಯುವ ಆ ಎಣ್ಣೆಯೂ ಮನುಷ್ಯರ ಮಾತ್ರೆಯೂ ಒಂದೇ ಮನೆತನದವು. ಗೂಟಿಯೊಳಗೆ ಕೂತ ಪಾಚಿಯ ಮೇಲೆ ವರ್ಷ ವರ್ಷ ಅದು ಬಿದ್ದಿತು. ತಡೆಯಲಾರದ ಬೂಷ್ಟು ಸತ್ತಿತು, ತಡೆದದ್ದು ಉಳಿಯಿತು. ಉಳಿದದ್ದನ್ನು ನಾವು ಹಿಡಿ ಹಿಡಿಯಾಗಿ ತೆಗೆದಿಟ್ಟು, ನೀರು ಕೊಟ್ಟು, ನಾದಿ ಸಾಕಿದೆವು. ಹೆಣ್ಣುಮಕ್ಕಳ ಉಡಿಯಲ್ಲಿ ಕಟ್ಟಿ ಕಳಿಸಿದೆವು.

ಅವ್ವ ಬಟ್ಟಲು ಕೆಳಗಿಟ್ಟಳು. ಮೂಗು ಸೋರುತ್ತಿತ್ತು, ಅದು ಹನಿಯಿಂದಲೋ ಬೇರೆಯದರಿಂದಲೋ ಹೇಳುವಂತಿರಲಿಲ್ಲ.

"ಇದರಾಗ ನಮ್ಮವ್ವನ ಕೈ ಐತಿ, ದಾನಿ."

"ಐತಿ ಯವ್ವಾ. ಚಂದ್ರವ್ವನ ಎರಡ ಬೆರಳೂ ಅದರಾಗ ಅದಾವು."

ಅವಳು ಎದ್ದಳು. ಗಡಿಗೆಯನ್ನು ತಾನೇ ಹೊತ್ತು ಹಿತ್ತಲಿಗೆ ತಂದಳು. ಕೈಗೆ ಗವಸು ಹಾಕಿಕೋ ಎಂದರೆ ಹಾಕಿಕೊಂಡಳು. ಪಾಚಿ ಬೇಗ ಹತ್ತಲಿಲ್ಲ, ಒಳಗೆ ತೇವವಿತ್ತು. ಹೊಗೆ ತಗ್ಗಿನಲ್ಲಿ ಹರಿದು ಗಿಡಗಳ ಸಾಲಿನೊಳಗೆ ಹೋಯಿತು. ಬೂದಿಯಾಗುವ ತನಕ ನಿಂತು, ಬರಿದಾದ ಗಡಿಗೆಯನ್ನೂ ಅದೇ ಕೆಂಡದಲ್ಲಿ ಕಾಯಿಸಿ ಬೋರಲು ಹಾಕಿ, ಒಳಗೆ ಬಂದು ಫೋನು ತೆಗೆದುಕೊಂಡಳು. ಉಳಿದವರಿಗೆ ಕೇಂದ್ರದಿಂದ ಪತ್ರ ಹೋಗುತ್ತದೆಂದು ನಾನು ಹೇಳುವಷ್ಟರಲ್ಲಿ ತಡೆದಳು. "ನಿಮ್ಮ ಆಫೀಸಿನವರು ಹೇಳಿದ್ರ ಒಬ್ಬಾಕಿನೂ ಸುಡಂಗಿಲ್ಲ. ನಾ ಹೇಳ್ತೀನಿ. ನಂದ ಮೊದಲ ಸುಟ್ಟೀನಿ ಅಂತ ಹೇಳ್ತೀನಿ." ಆ ಇಡೀ ದಿನ ಅವಳು ಮಾತಾಡಿದಳು. ಕೆಲವರು ಅತ್ತರು, ಕೆಲವರು ಬೈದರು. ಯರಗೊಪ್ಪದ ಶಾಂತಕ್ಕ, ಮಗಳು ಕಲಿತದ್ದು ಹೆಚ್ಚಾಗಿ ತಾಯಿಗೆ ತಲೆ ಕೆಟ್ಟಿದೆಯೆಂದಳಂತೆ. ಎಲ್ಲರೂ ಸುಟ್ಟರು.

ಹೊರಡುವಾಗ ಅವ್ವ ಮಾಡದಿಂದ ಆ ಇಳಕಲ್ ಸೆರಗಿನ ಗಂಟು ತೆಗೆದು ನನ್ನ ಮುಂದಿಟ್ಟಳು. ಒಂಬತ್ತು ವರ್ಷದಿಂದ ಯಾರೂ ಮುಟ್ಟಿರಲಿಲ್ಲ.

"ಇದೊಂದ ಉಳದೈತಿ. ಇದು ನಿಂದು. ನೀನ ಸುಡು."

ನಾನು ಸುಡಲಿಲ್ಲ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಧಾರವಾಡಕ್ಕೆ ತಂದೆ.

ಸೋಮವಾರ ನಿರ್ದೇಶಕರ ಮುಂದೆ ಇಪ್ಪತ್ತೇಳು ಊರು, ಮೂವತ್ತೊಂದು ಹೆಂಗಸರ ಹೆಸರನ್ನು ಹೇಳಿದೆ. ಅವರು ನಕಾಶೆಯ ಕೋಣೆಗೆ ಹೋಗಿ ಒಬ್ಬರೇ ಬಹಳ ಹೊತ್ತು ನಿಂತು ಬಂದರು. ಹನಿ ನಿಲ್ಲಿಸುವ ಮಾತು ಮತ್ತೆ ಬರಲಿಲ್ಲ. ಆ ವಾರವೇ ಉಳಿದವರ ರಕ್ತ ನೋಡಿ, ಸಲ್ಲುವವರಿಗೆಲ್ಲ ಕಂದು ಬಾಟಲಿ ಹೋಯಿತು. ಬಸುರಿಯರಿಬ್ಬರಿಗೆ ಕೊಡಲಿಲ್ಲ, ಅವರ ಗಂಟಿಗೆ ದಿನವೂ ಬಿಸಿ ಕಾವು ಕೊಡಿಸಿದರು, ಆ ಬೂಷ್ಟಿಗೆ ಬಿಸಿ ಆಗುವುದಿಲ್ಲ. ಎಲುಬಿಗಿಳಿದಿದ್ದ ಇಬ್ಬರಿಗೆ ಹನಿ ಉಪಯೋಗಕ್ಕೆ ಬರಲಿಲ್ಲ. ಉಳಿದವರ ಕೈ ಉಳಿಯಿತು. ಅವ್ವ ಹುಣ್ಣು ಮಾಯ್ದ ಮೇಲೂ ಡಾಕ್ಟರು ಹೇಳಿದಂತೆ ಒಂದು ತಿಂಗಳು ಹೆಚ್ಚಿಗೆ ಕುಡಿದಳು. ತೋರುಬೆರಳಿನಿಂದ ಮೊಣಕೈಯವರೆಗೆ ಏಳು ಕಲೆ, ಹೆಬ್ಬೆರಳಿಗೊಂದು. ಮರುವರ್ಷ ಕಾನೂನಿನಲ್ಲಿ ಒಂದು ಸಣ್ಣ ಬದಲಾವಣೆಯಾಯಿತು. ಕೆಂಪು ಚೀಟಿಯ ಹಿಂದೆ ವೈದ್ಯರು ಬರೆಯಲೆಂದು ಎರಡು ಸಾಲು ಖಾಲಿ ಬಿಟ್ಟರು. ಅದನ್ನು ನೋಡಿ ನದಾಫ್ ಡಾಕ್ಟರು, ಎರಡು ಸಾಲು ಬಹಳವಾಯಿತು, ಬಹುಶಃ ಎಂದು ಬರೆಯಲು ಅರ್ಧ ಸಾಲು ಸಾಕು ಎಂದರು. ಅವರು ಆ ಚಳಿಗಾಲ ದಾಟಲಿಲ್ಲ.

ಹೆಪ್ಪಿಲ್ಲದ ಗೂಟಿಗೆ ಬೇರು ನಲವತ್ತು ದಿನಕ್ಕೇ ಬರುತ್ತಿತ್ತು. ನಮ್ಮೂರಿನ ಸಸಿ ಉಳಿದ ಊರುಗಳ ಸಸಿಯಂತೆಯೇ ಆಯಿತು. ಅವ್ವ ಅದರ ಬಗ್ಗೆ ಮಾತೆತ್ತಲಿಲ್ಲ. ಕಟ್ಟುವಾಗ ಮಾತ್ರ ಮೊದಲಿನಂತೆ ಮಾತಾಡುತ್ತಿರಲಿಲ್ಲವೆಂದು ವೈನಿ ಹೇಳಿದಳು.

ಆ ಗಂಟನ್ನು ನಾನು ಕೆಲಸದ ಹೊತ್ತು ಮುಗಿದ ಮೇಲೆ ಬಿಡಿಸಿ ನೋಡುತ್ತಿದ್ದೆ. ಬೂಷ್ಟು ಅದರಲ್ಲೂ ಇತ್ತು. ಅದರ ಜೊತೆಗೆ ಇನ್ನೂ ಇಪ್ಪತ್ತು ಬಗೆಯ ಜೀವಾಣುಗಳಿದ್ದವು. ಒಂದೊಂದನ್ನೇ ಬೇರೆ ಮಾಡಿ, ದಾಳಿಂಬೆಯ ಟೊಂಗೆಗೆ ಕೊಟ್ಟು, ಬೇರು ಬರುವ ದಿನ ಎಣಿಸಬೇಕು. ಮೂರು ವರ್ಷ ಹಿಡಿಯಿತು. ಹದಿನಾಲ್ಕನೆಯದು ಮಣ್ಣಿನ ಒಂದು ಬಡ ಜೀವಾಣು, ಯಾರಿಗೂ ರೋಗ ತರದ್ದು. ಅದಿದ್ದ ಟೊಂಗೆಗೆ ಇಪ್ಪತ್ತೆಂಟು ದಿನಕ್ಕೆ ಬೇರು ಬಂದಿತು. ಅಜ್ಜಿಯರು ಕಂಡದ್ದು ಸುಳ್ಳಾಗಿರಲಿಲ್ಲ.

ಅರವತ್ತಮೂರರ ಆಷಾಢದಲ್ಲಿ ಊರಿಗೆ ಹೋದಾಗ ಆವಿಯಲ್ಲಿ ಬೇಯಿಸಿದ ಹೊಸ ಪಾಚಿಯಲ್ಲಿ ಆ ಒಂದನ್ನೇ ಬೆಳೆಸಿ, ಹಿಡಿಯಷ್ಟು, ಅದೇ ಇಳಕಲ್ ಸೆರಗನ್ನು ಕುದಿಸಿ ಒಣಗಿಸಿ ಅದರಲ್ಲಿ ಕಟ್ಟಿಕೊಂಡು ಹೋದೆ. ಅವ್ವನ ಕೈಗಿಟ್ಟು ಎಲ್ಲ ಹೇಳಿದೆ. ಅವಳು ಗಂಟು ಬಿಚ್ಚಿ ಮೂಗಿಗೆ ಹಿಡಿದಳು.

"ನಮ್ಮದರ ವಾಸನಿ ಇಲ್ಲ ಇದಕ್ಕ" ಎಂದಳು.

ಇರಲಿಕ್ಕಿಲ್ಲ ಎಂದೆ. ಅವಳು ಬುಟ್ಟಿಯಲ್ಲಿ ನೆನೆದಿದ್ದ ಹೊಸ ಪಾಚಿಯನ್ನು ಮುಂದೆಳೆದುಕೊಂಡು, ಗವಸು ಹಾಕಿಕೊಂಡು, ನಾನು ತಂದದ್ದನ್ನು ಅದಕ್ಕೆ ಬೆರೆಸಿ ನಾದತೊಡಗಿದಳು. ತೋಟದಲ್ಲಿ ಮೊದಲ ಟೊಂಗೆಯ ತೊಗಟೆ ಬಿಡಿಸಿ, ದಾರದ ತುದಿಯನ್ನು ಹಲ್ಲಿಗೆ ಕಚ್ಚಿಕೊಂಡಳು. ದಾರ ಕಚ್ಚಿಕೊಂಡೇ, ಶಾಂತಕ್ಕನ ಸೊಸೆ ಹೆತ್ತದ್ದು ಗಂಡೋ ಹೆಣ್ಣೋ ನನಗೆ ಗೊತ್ತಿದೆಯೇ ಎಂದು ಕೇಳಿದಳು.

ಇಪ್ಪತ್ತೆಂಟನೆಯ ದಿನದ ತನಕ ನಾನು ಅಲ್ಲಿರಲಿಲ್ಲ. ಇರಬೇಕಾಗಿಯೂ ಇರಲಿಲ್ಲ. ನಾನು ಗಂಟು ಕೊಟ್ಟ ದಿನವೇ, ಬುಟ್ಟಿಗೆ ಕೈ ಹಾಕಿ ಕಟ್ಟಲು ಮೊದಲು ಮಾಡುವ ಮುಂಚೆಯೇ ಅವಳು ಬೆರೆಸಿದ ಪಾಚಿಯಲ್ಲಿ ಒಂದು ಹಿಡಿ ತೆಗೆದು, ನೀರು ಹಿಂಡಿ, ನಾಲ್ಕು ವರ್ಷದಿಂದ ಬರಿದಾಗಿ ಬೋರಲು ಬಿದ್ದಿದ್ದ ಗಡಿಗೆಯನ್ನು ಎತ್ತಿ ನಿಲ್ಲಿಸಿ, ಅದರೊಳಗೆ ಇಟ್ಟು ಮುಚ್ಚಿದ್ದಳು.